ನೆಗಡಿಯ ಮಗುವಿಗೆ ಅರಿವಳಿಕೆ ಕೊಡುವ ಮುನ್ನ

ಮಳೆಗಾಲದಲ್ಲಿ ಹರ್ನಿಯಾ ಆಪರೇಷನ್ನಿನ ದಿನ ಹತ್ತಿರ ಬರುವಷ್ಟರಲ್ಲಿ ಮಗುವಿಗೆ ನೆಗಡಿ ಹತ್ತಿರುತ್ತದೆ. ಮಹಾರಾಷ್ಟ್ರದ ಓಝರ್‌ನಿಂದ ನಾಸಿಕ್‌ಗೆ ಹೊರಟವರಾಗಲಿ, ಕೊಪ್ಪಳದಿಂದ ಬೆಂಗಳೂರಿಗೆ ಹೊರಟವರಾಗಲಿ, ಕೂಲಿ ಬಿಟ್ಟು ಬಸ್ಸಿನ ದುಡ್ಡು ಹೊಂದಿಸಿಕೊಂಡು ಬಂದ ತಾಯಿ ಮಗುವಿನ ಮೂಗು ಒರೆಸಿ ಸುಮ್ಮನಾಗುತ್ತಾಳೆ. ಅವಳನ್ನು ದೂರುವಂತಿಲ್ಲ. ಆದರೆ ಯಾರೂ ಕೇಳದೆ, ರೂಢಿಯಂತೆ ಶ್ವಾಸನಾಳಕ್ಕೆ ನಳಿಕೆ ಇಳಿಸಿದರೆ ಮಗು ಮೇಜಿನ ಮೇಲೆಯೇ ನೀಲಿಗಟ್ಟಬಹುದು.

ಆಸ್ಟ್ರೇಲಿಯಾದ ಪರ್ತ್‌ನ ವೈದ್ಯರು 2010ರಲ್ಲಿ 9,297 ಮಕ್ಕಳ ಅಧ್ಯಯನ ಪ್ರಕಟಿಸಿದರು. ನೆಗಡಿ ಇದ್ದ, ಇಲ್ಲವೇ ಎರಡು ವಾರದೊಳಗೆ ಬಂದುಹೋಗಿದ್ದ ಮಕ್ಕಳಲ್ಲಿ ಉಸಿರಾಟದ ತೊಡಕಿನ ಅಪಾಯ ಇಮ್ಮಡಿಗೂ ಮಿಕ್ಕಿತ್ತು. ಕೆರಳಿದ ಗಂಟಲಿಗೆ ಏನಾದರೂ ತಾಗಿದರೆ ಧ್ವನಿತಂತುಗಳು ಬಿಗಿದು ಮುಚ್ಚಿಕೊಳ್ಳುತ್ತವೆ. ಹಸುಗೂಸಿಗೆ ತೂಕದ ಲೆಕ್ಕದಲ್ಲಿ ದೊಡ್ಡವರ ಸುಮಾರು ಎರಡರಷ್ಟು ಆಮ್ಲಜನಕ ಬೇಕು, ಶ್ವಾಸಕೋಶದಲ್ಲಿ ದಾಸ್ತಾನು ಕಡಿಮೆ. ನಾಲ್ಕು ಮಿಲಿಮೀಟರ್ ಅಗಲದ ದಾರಿ ಸುತ್ತಲೂ ಒಂದು ಮಿಲಿಮೀಟರ್ ಊದಿಕೊಂಡರೆ ಗಾಳಿಗೆ ಉಳಿಯುವುದು ಕಾಲುಭಾಗ ಜಾಗ.

ಬ್ರಿಟನ್ನಿನ ಆರ್ಚೀ ಬ್ರೈನ್ 1981ರಲ್ಲಿ ರೂಪಿಸಿದ ಲಾರಿಂಜಿಯಲ್ ಮಾಸ್ಕ್ ನಳಿಕೆಯಂತೆ ಧ್ವನಿಪೆಟ್ಟಿಗೆಯ ಒಳಗೆ ಇಳಿಯುವುದಿಲ್ಲ, ಅದರ ಮೇಲೆ ಕೂರುತ್ತದೆ. ಪರ್ತ್‌ನವರೇ ಸಣ್ಣ ಶಸ್ತ್ರಚಿಕಿತ್ಸೆಗೆ ಬಂದ ಸುಮಾರು 180 ಹಸುಗೂಸುಗಳಲ್ಲಿ ಎರಡನ್ನೂ ಹೋಲಿಸಿ 2017ರಲ್ಲಿ ವರದಿ ಮಾಡಿದರು: ಉಸಿರಾಟದ ತೊಡಕು ನಳಿಕೆಯವರಲ್ಲಿ ಶೇ. 53, ಮಾಸ್ಕ್‌ನವರಲ್ಲಿ ಶೇ. 18. ಗಂಟಲು ಅಥವಾ ಶ್ವಾಸನಾಳ ಬಿಗಿದುಕೊಳ್ಳುವ ಗಂಭೀರ ತೊಡಕು ಶೇ. 19, ಶೇ. 4. ಈ ಅಂತರವನ್ನು ಕಡೆಗಣಿಸಲು ನನಗೆ ಯಾವ ಕಾರಣವೂ ಕಾಣುತ್ತಿಲ್ಲ.

ಹಾಗೆಂದು ಮಾಸ್ಕ್ ಎಲ್ಲಕ್ಕೂ ಒಗ್ಗದು. ಹೊಟ್ಟೆ ತುಂಬಿದ್ದರೆ, ಕರುಳು ಕಟ್ಟಿದ್ದರೆ ನಳಿಕೆಯೇ ಬೇಕು. ಇಲ್ಲದಿದ್ದರೆ ವಾಂತಿ ಶ್ವಾಸಕೋಶಕ್ಕೆ ಇಳಿದೀತು. ಆಗಲೂ ಕಫ್ (ತುದಿಯ ಸುತ್ತ ಗಾಳಿ ತುಂಬುವ ಪಟ್ಟಿ) ಇರುವ ನಳಿಕೆ ಮೇಲು. 2009ರ ಯುರೋಪಿನ ಅಧ್ಯಯನವೊಂದರಲ್ಲಿ ಅಳತೆ ಹೊಂದದೆ ನಳಿಕೆ ಬದಲಿಸಬೇಕಾಗಿ ಬಂದದ್ದು ಕಫ್ ಇದ್ದಾಗ ಶೇ. 2.1, ಇಲ್ಲದಿದ್ದಾಗ ಶೇ. 30.8. ಬದಲಿಸಿದಷ್ಟು ಸಲವೂ ಆ ಎಳೆಯ ಗಂಟಲು ಉಜ್ಜಿಸಿಕೊಳ್ಳುತ್ತದೆ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳ ದೋಷಗಳನ್ನು ಗುರುತಿಸಿ ಚಿಕಿತ್ಸೆಗೆ ಕಳಿಸುತ್ತಿದೆ. ಬಹಳ ಒಳ್ಳೆಯ ಕೆಲಸ. ಆದರೆ ಆಪರೇಷನ್ ಕೋಣೆಯಲ್ಲಿ ಕೂಸಿನ ಅಳತೆಯ ಮಾಸ್ಕ್ ಇಲ್ಲದಿದ್ದರೆ, ಮಕ್ಕಳ ಅರಿವಳಿಕೆಯಲ್ಲಿ ಪಳಗಿದ ಕೈ ಇಲ್ಲದಿದ್ದರೆ, ಹೆಚ್ಚು ಮಕ್ಕಳು ಬಂದಷ್ಟೂ ಅವಘಡಗಳೂ ಹೆಚ್ಚುತ್ತವೆ. 33 ಯುರೋಪಿಯನ್ ದೇಶಗಳಲ್ಲಿ 31,127 ಅರಿವಳಿಕೆಗಳನ್ನು ಗಮನಿಸಿದ ಅಪ್ರಿಕಾಟ್ ಅಧ್ಯಯನದಲ್ಲೇ ಶೇ. 5.2ರಲ್ಲಿ ಗಂಭೀರ ಘಟನೆಗಳಾದವು. ವೈದ್ಯರ ಅನುಭವ ಹೆಚ್ಚಿದಂತೆ ಅಪಾಯ ಇಳಿಯಿತು.

ಓಝರ್‌ನ ಎಚ್‌ಎಎಲ್ ಕಾರ್ಖಾನೆಯಲ್ಲಿ ಯುದ್ಧವಿಮಾನಗಳು ತಯಾರಾಗುತ್ತವೆ. ತಪಾಸಣಾ ಪಟ್ಟಿ ಮುಗಿಯದೆ ಯಾವ ವಿಮಾನವೂ ಮೇಲೇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ಆಪರೇಷನ್ ಕೋಣೆಗೂ ಅಂಥ ಪಟ್ಟಿ ಕೊಟ್ಟಿದೆ. ಉಸಿರಿನ ದಾರಿ ಕಷ್ಟವಾದೀತೇ ಎಂಬ ಪ್ರಶ್ನೆ ಅದರಲ್ಲಿದೆ. ‘ಎರಡು ವಾರದಲ್ಲಿ ನೆಗಡಿ ಆಗಿತ್ತೇ?’ ಎಂಬುದನ್ನೂ ಪ್ರತಿ ಆಸ್ಪತ್ರೆ ಕನ್ನಡದಲ್ಲಿ, ಮರಾಠಿಯಲ್ಲಿ ಸೇರಿಸಿಕೊಳ್ಳಲಿ. ಹೌದು ಎಂದವರಿಗೆ ಹೊಸ ದಿನಾಂಕದ ಜೊತೆ ಮರುಪ್ರಯಾಣದ ಖರ್ಚನ್ನೂ ಅಲ್ಲೇ ಕೊಡಲಿ.