ಕ್ಯಾಸೆಟ್ ಹೋಗಿದ್ದೆಲ್ಲಿಗೆ?

ಪ್ರತಿ ಉತ್ಪನ್ನಕ್ಕೂ ಪರಿಚಯ, ಬೆಳವಣಿಗೆ, ಪಕ್ವತೆ, ಅವನತಿ ಎಂಬ ನಾಲ್ಕು ಹಂತಗಳಿವೆ ಎನ್ನುತ್ತಾರೆ. ಅವನತಿಯ ನಂತರ ಏನಾಗುತ್ತದೆ? ಅದನ್ನು ತಿಳಿಯಲು ಆಡಿಯೊ ಕ್ಯಾಸೆಟ್ ಒಳ್ಳೆಯ ಉದಾಹರಣೆ.

ಫಿಲಿಪ್ಸ್ ಕಂಪನಿ 1963ರಲ್ಲಿ ಬರ್ಲಿನ್‌ನ ಪ್ರದರ್ಶನದಲ್ಲಿ ಕ್ಯಾಸೆಟ್ಟನ್ನು ಪರಿಚಯಿಸಿತು. ಆಗ ಅದರ ಧ್ವನಿ ಅಷ್ಟಕ್ಕಷ್ಟೇ; ಮಾತು ದಾಖಲಿಸಲು ಸಾಕಾಗುವಷ್ಟು. ಆದರೂ ಗೆದ್ದದ್ದು ಹೇಗೆ? ಅದನ್ನು ತಯಾರಿಸಲು ಫಿಲಿಪ್ಸ್ ಬೇರೆ ಕಂಪನಿಗಳಿಗೆ ಶುಲ್ಕವಿಲ್ಲದೆ ಅನುಮತಿ ನೀಡಿತು. ಹೀಗಾಗಿ ಯಾರ ಕ್ಯಾಸೆಟ್ಟಾದರೂ ಯಾರ ಟೇಪ್ ರೆಕಾರ್ಡರಿನಲ್ಲೂ ಓಡುತ್ತಿತ್ತು. (ಮೊಬೈಲ್ ಚಾರ್ಜರ್‌ಗಳಿಗೆ ಈ ಬುದ್ಧಿ ಬರಲು ಎಷ್ಟು ವರ್ಷ ಬೇಕಾಯಿತು!) 1979ರಲ್ಲಿ ಸೋನಿಯ ವಾಕ್‌ಮನ್ ಬಂತು. ನಮ್ಮಲ್ಲಿ 1980ರ ದಶಕದಲ್ಲಿ ಟಿ-ಸೀರೀಸ್ ಕಡಿಮೆ ಬೆಲೆಗೆ ಮಾರಿತು. ಬೆಂಗಳೂರಿನ ಲಹರಿ ಸಂಸ್ಥೆ ‘ಪ್ರೇಮಲೋಕ’ದ ಹಾಡುಗಳನ್ನು ಮನೆಮನೆಗೆ ಮುಟ್ಟಿಸಿತು.

ಆಮೇಲೆ ಸಿ.ಡಿ., ಎಂಪಿ3, ಮೊಬೈಲ್. 2010ರಲ್ಲಿ ಸೋನಿ ಜಪಾನಿನಲ್ಲಿ ಕ್ಯಾಸೆಟ್ ವಾಕ್‌ಮನ್ ನಿಲ್ಲಿಸಿತು. ಬೇಡಿಕೆ ಮಾತ್ರ ಸೊನ್ನೆಯಾಗಲಿಲ್ಲ. ಟೇಲರ್ ಸ್ವಿಫ್ಟ್‌ರಂಥ ಗಾಯಕಿಯ ಆಲ್ಬಂಗಳೂ ಕ್ಯಾಸೆಟ್ಟಿನಲ್ಲಿ ಬರುತ್ತವೆ. ಇದು ಸಂಗ್ರಹಿಸುವವರ ಸಣ್ಣ ಮಾರುಕಟ್ಟೆ.

ನನಗೆ ಮುಖ್ಯವೆನಿಸುವುದು ಇನ್ನೊಂದು ಬಗೆಯ ಕ್ಯಾಸೆಟ್. ಫೋನ್ ಕರೆ ದುಬಾರಿಯಾಗಿದ್ದ ಕಾಲದಲ್ಲಿ ಗಲ್ಫ್‌ಗೆ ದುಡಿಯಲು ಹೋದವರು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ, ಊರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದರು. ಓದಲು ಬಾರದ ಅಮ್ಮಂದಿರಿಗೆ ಅದೇ ಕಾಗದ. ನಮ್ಮ ನಾನಿಯ ಕಪಾಟಿನಲ್ಲಿ ಅಂಥವು ಆರು ಇವೆ. ತೀರಿಹೋದ ನಾನಾ ಅವರ ಧ್ವನಿ ಉಳಿದಿರುವುದು ಅವುಗಳಲ್ಲಿ ಮಾತ್ರ. ಹಾಡಿನ ಕ್ಯಾಸೆಟ್ ಹಾಳಾದರೆ ಯೂಟ್ಯೂಬ್ ಇದೆ. ಇವಕ್ಕೆ ಎರಡನೆಯ ಪ್ರತಿಯೇ ಇಲ್ಲ. ಗುಜರಿಯವನು ಐದು ರೂಪಾಯಿಯನ್ನೂ ಕೊಡಲಾರ, ನಾನಿ ಲಕ್ಷಕ್ಕೂ ಕೊಡುವುದಿಲ್ಲ.

ಟೇಪ್ ಎಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಾಂತೀಯ ಪುಡಿಯ ಲೇಪ. ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಅದನ್ನು ಓಡಿಸುವ ಯಂತ್ರಗಳೂ ರಿಪೇರಿ ಮಾಡುವವರೂ ಕಡಿಮೆಯಾಗುತ್ತಿದ್ದಾರೆ. ನಿಮ್ಮ ಮನೆಯಲ್ಲೂ ಇದ್ದರೆ, ಮೊದಲು ಕ್ಯಾಸೆಟ್ಟಿನ ಮೇಲಂಚಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿಯಿರಿ. ಮುಂದೆ ಯಾರಾದರೂ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಧ್ವನಿ ಅಳಿಸುವುದಿಲ್ಲ. ನಂತರ ಟೇಪ್ ರೆಕಾರ್ಡರಿನ ಹೆಡ್‌ಫೋನ್ ಕಿಂಡಿಯಿಂದ ಕಂಪ್ಯೂಟರಿನ ಲೈನ್-ಇನ್‌ಗೆ ಕೇಬಲ್ ಹಾಕಿ, ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ ರೆಕಾರ್ಡ್ ಮಾಡಿ. 60 ನಿಮಿಷದ ಕ್ಯಾಸೆಟ್ಟಿಗೆ ಪೂರ್ತಿ 60 ನಿಮಿಷ ಕೂರಬೇಕು. ನಾನಿಯ ಆರರಲ್ಲಿ ಮೂರು ಮುಗಿದಿವೆ.