ರೇಷ್ಮೆ ಸೀಮೆಯ ಬೇಸಿಗೆ ರಜೆಗೆ ರೊಬೊಟಿಕ್ಸ್ ಪಾಠ

ಜಕಾರ್ಡ್ ಕೂರಿಸಿದ ರೇಷ್ಮೆ ಮಗ್ಗದ ಮುಂದೆ ನಿಂತು ತಲೆಯೆತ್ತಿದರೆ ದಪ್ಪ ರಟ್ಟಿನ ಪಟ್ಟಿಗಳ ಸರವೊಂದು ಕಾಣುತ್ತದೆ. ಒಂದೊಂದು ಪಟ್ಟಿಯಲ್ಲೂ ಸಾಲುಸಾಲು ತೂತುಗಳು. ನೇಕಾರ ತುಳಿದಾಗಲೆಲ್ಲ ಒಂದು ಪಟ್ಟಿ ಸರಿದು ಇನ್ನೊಂದು ಬರುತ್ತದೆ. ತೂತಿದ್ದಲ್ಲಿ ಸೂಜಿ ಒಳಹೊಕ್ಕು ಹಾಸಿನ ಎಳೆ ಮೇಲೇಳುತ್ತದೆ, ತೂತಿಲ್ಲದ ಕಡೆ ಎಳೆ ಇದ್ದಲ್ಲೇ ಉಳಿಯುತ್ತದೆ. ಮೇಲೆದ್ದ ಎಳೆಗಳ ಅಡಿಯಲ್ಲಿ ಲಾಳಿ ಹಾಯುತ್ತದೆ. ಸರ ಮುಗಿದು ಮತ್ತೆ ಮೊದಲ ಪಟ್ಟಿ ಬಂದಾಗ ಅಂಚಿನಲ್ಲಿ ಅದೇ ಮಾವಿನಕಾಯಿ, ಅದೇ ಬಳ್ಳಿ ಮತ್ತೊಮ್ಮೆ ಮೂಡುತ್ತದೆ.

ಫ್ರಾನ್ಸಿನ ಜೋಸೆಫ್ ಮೇರಿ ಜಕಾರ್ಡ್ ಈ ಏರ್ಪಾಟನ್ನು ರೂಪಿಸಿದ್ದು 1804ರ ಸುಮಾರಿಗೆ. ಮುಂದೆ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಆದೇಶ ಕೊಡುವ ದಾರಿ ಹುಡುಕುವಾಗ ಎತ್ತಿಕೊಂಡದ್ದು ಇದೇ ತೂತಿನ ಪಟ್ಟಿಗಳನ್ನು. ಆ ಯಂತ್ರದ ಬಗ್ಗೆ ಏಡಾ ಲವ್ಲೇಸ್ 1843ರಲ್ಲಿ ಬರೆದ ಟಿಪ್ಪಣಿಗಳಲ್ಲಿನ ಲೆಕ್ಕದ ಕ್ರಮವನ್ನು ಜಗತ್ತಿನ ಮೊದಲ ಕಂಪ್ಯೂಟರ್ ಪ್ರೋಗ್ರಾಂ ಎಂದು ಅನೇಕರು ಗುರುತಿಸುತ್ತಾರೆ. ಇದೆ, ಇಲ್ಲ, ಹೌದಾದರೆ ಹೀಗೆ ಮಾಡು, ಅಲ್ಲವಾದರೆ ಬಿಡು, ಮುಗಿದ ಮೇಲೆ ಮೊದಲಿನಿಂದ ಶುರು ಮಾಡು. ಇಂದಿನ ಪ್ರೋಗ್ರಾಮಿಂಗ್ ಶಿಬಿರಗಳಲ್ಲಿ ಮಕ್ಕಳಿಗೆ ಮೊದಲ ದಿನ ಹೇಳಿಕೊಡುವುದೂ ಇಷ್ಟನ್ನೇ. ರೇಷ್ಮೆ ಸೀರೆಗೆ ಹೆಸರಾದ ಕೊಳ್ಳೇಗಾಲದಲ್ಲಿ ಆ ಪಾಠಕ್ಕೆ ಬೇಕಾದ ಯಂತ್ರ ಮಕ್ಕಳ ಬೀದಿಯಲ್ಲೇ ಸದ್ದು ಮಾಡುತ್ತಿದೆ.

ಬೆಳಕು ಹೊರಟ ಊರು

ಈ ಭಾಗಕ್ಕೆ ತಂತ್ರಜ್ಞಾನ ಹೊಸದೇನಲ್ಲ. ಕೊಳ್ಳೇಗಾಲದ ಪಕ್ಕದ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ಹುಟ್ಟಿದ್ದು 1902ರಲ್ಲಿ. ಆ ವಿದ್ಯುತ್ತು ಸುಮಾರು 150 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿದೀಪ ಬೆಳಗಿತು. ಹುಟ್ಟಿದ್ದು ಇಲ್ಲಿ, ಬೆಳಗಿದ್ದು ಅಲ್ಲಿ. ಹಾಗೆಯೇ ಇಲ್ಲಿನ ರೇಷ್ಮೆ ಪೇಟೆಗೆ ಹೋಯಿತು, ಓದಿದ ಹುಡುಗರು ಬೆಂಗಳೂರಿನ ಬಸ್ಸು ಹತ್ತಿದರು.

1956ರ ತನಕ ಕೊಳ್ಳೇಗಾಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಭಾಷಾವಾರು ವಿಂಗಡಣೆಯಲ್ಲಿ ಮೈಸೂರು ಜಿಲ್ಲೆಗೆ ಸೇರಿತು, 1997ರಲ್ಲಿ ಹೊಸ ಚಾಮರಾಜನಗರ ಜಿಲ್ಲೆಯ ಪಾಲಾಯಿತು. ಕೊಳ್ಳೇಗಾಲದ ಒಡಲಲ್ಲೇ ಇದ್ದ ಹನೂರು ಈಗ ಪ್ರತ್ಯೇಕ ತಾಲ್ಲೂಕು. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಸಾಕ್ಷರತೆ ಶೇ 61ರ ಆಸುಪಾಸು. ಅದೇ ಗಣತಿಯಲ್ಲಿ ರಾಜ್ಯದ ಸರಾಸರಿ ಶೇ 75 ದಾಟಿತ್ತು. ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ಕಾಡಂಚಿನ ಊರುಗಳಲ್ಲಿ ಮಕ್ಕಳು ಶಾಲೆಗೆ ಮೈಲಿಗಟ್ಟಲೆ ನಡೆಯಬೇಕಾಗಿ, ಅರಣ್ಯ ಇಲಾಖೆಯೇ ‘ಜನವನ ಸಾರಿಗೆ’ ಎಂಬ ಹೆಸರಿನಲ್ಲಿ ಜೀಪುಗಳನ್ನು ಓಡಿಸಿದ್ದುಂಟು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆ ಸೋಲಿಗರ ಮಕ್ಕಳಿಗೆ ಓದಿನ ದಾರಿ ತೆರೆಯಿತು.

ಬೇಸಿಗೆ ಶಿಬಿರವೆಂದರೆ ಈ ಸೀಮೆಗೆ ಬಹುಕಾಲ ನೆನಪಾಗುತ್ತಿದ್ದುದು ಮೈಸೂರಿನ ರಂಗಾಯಣದ ‘ಚಿಣ್ಣರ ಮೇಳ’. ನಾಟಕ, ಹಾಡು, ಮುಖವಾಡ, ಮಣ್ಣಿನ ಆಟ ಅಲ್ಲಿನ ಸೊಗಸು. ಈಗ ಏಪ್ರಿಲ್ ಬಂತೆಂದರೆ ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ಕೋಡಿಂಗ್, ರೊಬೊಟಿಕ್ಸ್, ಡ್ರೋನ್ ಶಿಬಿರಗಳ ಫಲಕ ಏಳುತ್ತವೆ. ಶುಲ್ಕ ಕಟ್ಟಬಲ್ಲವರ ಮಕ್ಕಳು ಹೋಗುತ್ತಾರೆ. ರಜೆಯಲ್ಲಿ ಅಪ್ಪ ಅಮ್ಮನ ಜೊತೆ ಕೂಲಿಗೆ ಹೊರಡುವ, ಇಲ್ಲವೇ ದನ ಕಾಯುವ, ಹುಳು ಮನೆಯಲ್ಲಿ ಸೊಪ್ಪು ಹಾಕುವ ಹನೂರು ಸೀಮೆಯ ಮಗುವಿಗೆ ಆ ಫಲಕ ಕಾಣುವುದೂ ಇಲ್ಲ.

ಆಮೆ ಬಿಡಿಸಿದ ರಂಗೋಲಿ

ಇಂಥ ಶಿಬಿರಗಳಲ್ಲಿ ನಿಜಕ್ಕೂ ನಡೆಯುವುದೇನು? ಅದರ ಬೇರು 1967ರಷ್ಟು ಹಿಂದಿನದು. ಸೆಮೋರ್ ಪೇಪರ್ಟ್ ಎಂಬ ಗಣಿತಜ್ಞ ಅಮೆರಿಕದಲ್ಲಿ ಸಂಗಾತಿಗಳೊಡನೆ ಮಕ್ಕಳಿಗಾಗಿಯೇ ‘ಲೋಗೋ’ ಎಂಬ ಕಂಪ್ಯೂಟರ್ ಭಾಷೆ ಕಟ್ಟಿದರು. ಅದರಲ್ಲೊಂದು ಆಮೆ. ಮಗು ಹೇಳಿದಂತೆ ಆಮೆ ನಡೆದು ಗೆರೆ ಎಳೆಯುತ್ತದೆ. ಪೇಪರ್ಟರ ದಾರಿಯಲ್ಲೇ ನಡೆದ ಮಿಚೆಲ್ ರೆಸ್ನಿಕ್ ಅವರ ತಂಡ ಎಂಐಟಿಯಲ್ಲಿ ‘ಸ್ಕ್ರ್ಯಾಚ್’ ರೂಪಿಸಿ 2007ರಲ್ಲಿ ಹೊರತಂದಿತು. ಆದೇಶಗಳನ್ನು ಟೈಪ್ ಮಾಡುವ ಬದಲು ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರೆ ಸಾಕು. ಎರಡೂ ದುಡ್ಡಿಲ್ಲದೆ ಸಿಗುತ್ತವೆ.

ಆಮೆಗೆ ಚೌಕ ಬರೆಯಲು ಹೇಳುವುದು ಸುಲಭ: 50 ಹೆಜ್ಜೆ ಮುಂದೆ, 90 ಡಿಗ್ರಿ ಬಲಕ್ಕೆ, ಇದನ್ನೇ 4 ಸಲ. ಕಷ್ಟ ಬರುವುದು ತ್ರಿಕೋನದಲ್ಲಿ. ಸಮಬಾಹು ತ್ರಿಕೋನದ ಕೋನ 60 ಡಿಗ್ರಿ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ಮಗು 60 ಎಂದೇ ಬರೆಯುತ್ತದೆ, 3 ಸಲ ಎನ್ನುತ್ತದೆ. ಪರದೆಯ ಮೇಲೆ ಬರುವುದು ಅರ್ಧ ಷಡ್ಭುಜ! ಆಗ ಮಗು ಎದ್ದು ನಿಂತು ತಾನೇ ಆಮೆಯಾಗಿ ಅಂಗಳದಲ್ಲಿ ನಡೆದು ನೋಡಬೇಕು. ತಿರುಗಬೇಕಾದದ್ದು ಒಳಗಿನ ಕೋನದಷ್ಟಲ್ಲ, ಹೊರಗಿನ 120 ಡಿಗ್ರಿ ಎಂಬುದು ಕಾಲಿಗೇ ತಿಳಿಯುತ್ತದೆ. 144 ಡಿಗ್ರಿಯಂತೆ 5 ಸಲ ತಿರುಗಿಸಿದರೆ ನಕ್ಷತ್ರ. ಅದನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಮತ್ತೆ ಮತ್ತೆ ಬರೆಸಿದರೆ ಸಂಕ್ರಾಂತಿಗೆ ಬಾಗಿಲ ಮುಂದೆ ಹಾಕುವಂಥ ರಂಗೋಲಿ. ಬೆಳಗಾದರೆ ಚುಕ್ಕಿ ಎಣಿಸಿ ಎಳೆ ಕೂಡಿಸುವ ಯಳಂದೂರಿನ ಹುಡುಗಿಯರಿಗೆ ಈ ಲೆಕ್ಕ ಹಿಡಿಯಲು ಹೊತ್ತು ಬೇಕಿಲ್ಲ.

ಅದೇ ಯಳಂದೂರು ಸಂಚಿ ಹೊನ್ನಮ್ಮನ ಊರು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿದ್ದ ಆಕೆ ‘ಹದಿಬದೆಯ ಧರ್ಮ’ದಲ್ಲಿ ಹೆಣ್ಣುಮಗುವನ್ನು ಕೀಳೆಂದು ಕಾಣುವವರನ್ನು ಪ್ರಶ್ನಿಸಿದ್ದಳು. ಶಿಬಿರದಲ್ಲಿ ಕೀಬೋರ್ಡು, ಸ್ಕ್ರೂಡ್ರೈವರ್ ಹುಡುಗರ ಕೈಗೆ, ಬರೆದುಕೊಳ್ಳುವ ಪುಸ್ತಕ ಹುಡುಗಿಯರ ಕೈಗೆ ಹೋಗುವ ರೂಢಿ ಎಲ್ಲೆಡೆ ಕಾಣುತ್ತದೆ. ಅದನ್ನು ತಪ್ಪಿಸುವ ಹೊಣೆ ಶಿಬಿರ ನಡೆಸುವವರದು. ಪ್ರತಿ ತಂಡದಲ್ಲೂ ಸರದಿಯ ಮೇಲೆ ಕೆಲಸ ಬದಲಾಗಲೇಬೇಕು.

ಹುಳು ಮನೆಗೊಂದು ಸೆನ್ಸರ್

ಪರದೆಯಿಂದ ಮೇಜಿಗೆ ಇಳಿದರೆ ರೊಬೊಟಿಕ್ಸ್. ಇಟಲಿಯ ಇವ್ರಿಯಾ ಊರಿನಲ್ಲಿ 2005ರಲ್ಲಿ ವಿದ್ಯಾರ್ಥಿಗಳಿಗೆಂದು ರೂಪಿಸಿದ ‘ಆರ್ಡಿನೋ’ ಎಂಬ ಅಂಗೈಯಗಲದ ಬೋರ್ಡು ಇದನ್ನು ಬಡವರ ಕೈಗೂ ತಂದಿತು. ಅದರ ವಿನ್ಯಾಸ ಎಲ್ಲರಿಗೂ ಮುಕ್ತ. ಹಾಗಾಗಿ ಅದೇ ಮಾದರಿಯ ಬೋರ್ಡುಗಳು ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಮೊದಲ ಪ್ರಯೋಗ ಒಂದು ಪುಟ್ಟ ಎಲ್‌ಇಡಿ ಮಿನುಗಿಸುವುದು. ಉದ್ದ ಕಾಲು ಎತ್ತ, ಗಿಡ್ಡ ಕಾಲು ಎತ್ತ ಎಂದು ನೋಡಿ ಚುಚ್ಚಬೇಕು, ನಡುವೆ ರೆಸಿಸ್ಟರ್ ಇರಬೇಕು. ಒಂದು ಸೆಕೆಂಡು ಹೊತ್ತಿ ಒಂದು ಸೆಕೆಂಡು ಆರುವ ದೀಪ ಕಂಡೊಡನೆ ಕಾಡಂಚಿನ ಮಗುವಿಗೆ ಹೊಲದ ಸೋಲಾರ್ ಬೇಲಿಯ ‘ಟಕ್ ಟಕ್’ ನೆನಪಾಗದೆ ಇರದು. ಆ ಬೇಲಿಯ ಪೆಟ್ಟಿಗೆಯೂ ಹೀಗೆ ಅಳತೆಯ ಬಿಡುವು ಕೊಟ್ಟು ಕ್ಷಣಮಾತ್ರ ಕರೆಂಟು ಹಾಯಿಸುತ್ತದೆ. ಬಿಡುವಿಲ್ಲದೆ ಹರಿಯುವ ಮನೆಯ ಕರೆಂಟನ್ನು ಬೇಲಿಗೆ ಕೊಟ್ಟರೆ ಆನೆಯೂ ಸಾಯುತ್ತದೆ, ಮನುಷ್ಯನೂ ಸಾಯುತ್ತಾನೆ ಎಂಬ ಪಾಠ 5 ವೋಲ್ಟಿನ ಈ ಬೋರ್ಡಿನ ಮುಂದೆಯೇ ಆಗಿಬಿಡಬೇಕು.

ರೇಷ್ಮೆ ಸಾಕುವ ಮನೆಯ ಮಗುವಿಗೆ ಇನ್ನೂ ಹತ್ತಿರದ ಪ್ರಯೋಗವಿದೆ. ಚಾಕಿ ಹಂತದ ಎಳೆಯ ಹುಳುವಿಗೆ 27–28 ಡಿಗ್ರಿ ಶಾಖ ಬೇಕು, ತೇವಾಂಶ ಶೇ 85ರ ಮೇಲಿರಬೇಕು. ಹುಳು ಬೆಳೆದಂತೆ ಎರಡೂ ಇಳಿಯಬೇಕು. ಕೊನೆಯ ಹಂತದಲ್ಲಿ 24–25 ಡಿಗ್ರಿ, ಶೇ 70ರಷ್ಟು ತೇವ ಸಾಕು. ಏಪ್ರಿಲ್ ಬಿಸಿಲಿಗೆ ಸಾಕಣೆ ಮನೆ ಕಾದರೆ ಹುಳು ಸೊಪ್ಪು ತಿನ್ನುವುದು ಬಿಡುತ್ತದೆ, ಹಾಲು ರೋಗ ಹತ್ತುತ್ತದೆ. ತಂಪೂ ತೇವವೂ ಹೆಚ್ಚಾದರೆ ಸುಣ್ಣಕಟ್ಟು ರೋಗ. ರೈತ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟುವುದು, ಬಿಚ್ಚುವುದು ಈ ಲೆಕ್ಕದ ಮೇಲೆಯೇ. ಡಿಎಚ್‌ಟಿ-11 ಎಂಬ ನೀಲಿ ಬಣ್ಣದ ಸೆನ್ಸರ್ ಶಾಖ, ತೇವ ಎರಡನ್ನೂ ಅಳೆದು ಆರ್ಡಿನೋಗೆ ಹೇಳುತ್ತದೆ. ‘ಶಾಖ 28 ದಾಟಿದರೆ ಬಜರ್ ಕೂಗಲಿ’ ಎಂದು ಬರೆದರೆ ಅಪ್ಪ ಮಲಗಿದ್ದರೂ ಹುಳು ಮನೆ ಕರೆಯುತ್ತದೆ.

ಆದರೆ ಈ ಸೆನ್ಸರ್ 2 ಡಿಗ್ರಿಯಷ್ಟು ಆಚೀಚೆ ತೋರಿಸಬಹುದು. 27ಕ್ಕೂ 29ಕ್ಕೂ ಹುಳುವಿನ ಪಾಲಿಗೆ ಅಜಗಜಾಂತರ. ಹಾಗಾದರೆ ನಂಬುವುದು ಯಾವುದನ್ನು? ಗೋಡೆಯ ಥರ್ಮಾಮೀಟರನ್ನೋ, ಸೆನ್ಸರನ್ನೋ, ಕೈ ಇಟ್ಟು ನೋಡಿಯೇ ಹೇಳುವ ಅಜ್ಜಿಯನ್ನೋ? ಮೂರನ್ನೂ ಪಕ್ಕದಲ್ಲಿಟ್ಟು ವಾರವಿಡೀ ಬರೆದುಕೊಂಡ ಮಗುವಿಗೆ ಅಳತೆ ಎಂದರೇನು, ತಪ್ಪು ಎಷ್ಟರಮಟ್ಟಿಗೆ ಸಹ್ಯ ಎಂಬ ವಿಜ್ಞಾನದ ಮೂಲಪಾಠವೇ ಸಿಕ್ಕಂತೆ. ಗೆರೆ ಹಿಡಿದು ಓಡುವ ಆಟದ ಕಾರಿನ ಸಿದ್ಧ ಕಿಟ್‌ನಿಂದ ಇದು ಸಿಗುವುದು ಕಷ್ಟ.

ಆನೆಯ ವಿಷಯದಲ್ಲೂ ಹೀಗೆಯೇ. ಮೈಶಾಖದ ಚಲನೆ ಗುರುತಿಸುವ ಪಿಐಆರ್ ಸೆನ್ಸರ್ ಸುಮಾರು 7 ಮೀಟರ್ ದೂರದ ತನಕ ಕೆಲಸ ಮಾಡುತ್ತದೆ. ಹೊಲದಂಚಿಗೆ ಇಟ್ಟರೆ ಆನೆಗೂ ಕೂಗುತ್ತದೆ, ನಾಯಿಗೂ ಕೂಗುತ್ತದೆ, ರಾತ್ರಿ ನೀರು ಬಿಡಲು ಬಂದ ಪಕ್ಕದ ಹೊಲದವರಿಗೂ ಕೂಗುತ್ತದೆ. ಸುಳ್ಳು ಕೂಗು ಕಡಿಮೆ ಮಾಡುವುದು ಹೇಗೆ ಎಂದು ತಲೆ ಕೆಡಿಸಿಕೊಳ್ಳುವ ಮಕ್ಕಳು ದೊಡ್ಡ ಪ್ರಯೋಗಾಲಯಗಳ ಪ್ರಶ್ನೆಯನ್ನೇ ಎದುರಿಸುತ್ತಿರುತ್ತಾರೆ.

ಊರಿನ ತಿಳಿವಳಿಕೆಯೂ ಹೊಸ ಉಪಕರಣವೂ ಕೂಡಿದರೆ ಏನಾಗಬಹುದು ಎಂಬುದಕ್ಕೆ ಬಿಳಿಗಿರಿರಂಗನ ಬೆಟ್ಟದಲ್ಲೇ ಸಾಕ್ಷಿ ಇದೆ. ಸೋಲಿಗ ಹಿರಿಯರು ಏಟ್ರೀ ಸಂಸ್ಥೆಯ ಸಂಶೋಧಕರೊಡನೆ ಕಾಡು ಸುತ್ತಿ, ತಮ್ಮ ಕುಲಗಳ ಎಲ್ಲೆ, ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿಗಳ ತಾಣಗಳನ್ನು ಜಿಪಿಎಸ್‌ನಲ್ಲಿ ಗುರುತಿಸಿ ನಕ್ಷೆ ಮಾಡಿದರು. 2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಗಾಂಧಿ ಜಯಂತಿಯಂದು ಸೋಲಿಗರಿಗೆ ಸಮುದಾಯದ ಅರಣ್ಯ ಹಕ್ಕು ದೊರೆಯಿತು. ಅಜ್ಜ ಹೇಳುವ ಜಾಗವನ್ನು ಮೊಮ್ಮಗಳು ನಕ್ಷೆಯಲ್ಲಿ ಚುಕ್ಕಿಯಾಗಿಡುವ ಕೆಲಸ ಸೋಲಿಗರ ಊರಾದ ಪೋಡಿನ ಶಿಬಿರಕ್ಕೆ ಹೇಳಿ ಮಾಡಿಸಿದ್ದು.

ಗಡಿಯಾಚೆಯ ಕನ್ನಡ ಪಾಠ

‘ಇದೆಲ್ಲ ಇಂಗ್ಲಿಷ್ ಬಂದವರಿಗೆ’ ಎಂಬ ಅಳುಕು ಹಳ್ಳಿಯ ಪೋಷಕರಲ್ಲಿ ಗಟ್ಟಿಯಾಗಿದೆ. ಅದನ್ನು ಒಡೆಯುವ ಉದಾಹರಣೆ ಕಾಸರಗೋಡಿನಲ್ಲಿದೆ. ಕೇರಳ ಸರ್ಕಾರದ ‘ಕೈಟ್’ ಸಂಸ್ಥೆ 2018ರಲ್ಲಿ ‘ಲಿಟ್ಲ್ ಕೈಟ್ಸ್’ ಹೆಸರಿನ ಕೂಟಗಳನ್ನು ಎರಡು ಸಾವಿರಕ್ಕೂ ಹೆಚ್ಚು ಸರ್ಕಾರಿ, ಅನುದಾನಿತ ಪ್ರೌಢಶಾಲೆಗಳಲ್ಲಿ ಆರಂಭಿಸಿತು. ಪ್ರೋಗ್ರಾಮಿಂಗ್, ಆನಿಮೇಷನ್, ರೊಬೊಟಿಕ್ಸ್ ಕಲಿಯುವ ಈ ಮಕ್ಕಳಿಗೆ ರಜೆಯಲ್ಲಿ ಶಿಬಿರಗಳೂ ನಡೆಯುತ್ತವೆ. 2025ರ ಜೂನ್‌ನಿಂದ ಅಲ್ಲಿನ ಹತ್ತನೇ ತರಗತಿಯ ಎಲ್ಲ ಮಕ್ಕಳಿಗೂ ರೊಬೊಟಿಕ್ಸ್ ಪಾಠ. ಶಾಲೆಗಳಿಗೆ 29 ಸಾವಿರ ಕಿಟ್. ಅಲ್ಲಿನ ಐಟಿ ಪಠ್ಯಪುಸ್ತಕಗಳು ಮಲಯಾಳ, ಇಂಗ್ಲಿಷ್, ತಮಿಳಿನ ಜೊತೆಗೆ ಕನ್ನಡದಲ್ಲೂ ಅಚ್ಚಾಗುತ್ತವೆ. ಅಂದರೆ ಕಾಸರಗೋಡಿನ ಕನ್ನಡ ಶಾಲೆಯ ಮಗು ಸರ್ಕಾರಿ ಪುಸ್ತಕದಿಂದಲೇ, ತನ್ನ ಭಾಷೆಯಲ್ಲೇ ಇದನ್ನು ಓದುತ್ತಿದೆ. ಕೊಳ್ಳೇಗಾಲದ ಮಗುವಿಗೆ ಆಗದ್ದೇನಿದೆ?

ಉಪಕರಣಗಳೂ ಕೈಗೆಟುಕುವಂತಿವೆ. ಬರ್ಕ್ಲಿ ವಿಶ್ವವಿದ್ಯಾಲಯದ ‘ಸ್ನ್ಯಾಪ್’ ತಂತ್ರಾಂಶ ಕನ್ನಡದ ಆದೇಶಗಳೊಡನೆ ತೆರೆಯುತ್ತದೆ. ಪೈಥಾನ್ ಭಾಷೆಯಲ್ಲಿ ಹೆಸರುಗಳನ್ನು ಕನ್ನಡ ಅಕ್ಷರಗಳಲ್ಲೇ ಇಡಬಹುದು; ‘ತೇವಾಂಶ = 70’ ಎಂದು ಬರೆದರೆ ಕಂಪ್ಯೂಟರ್ ತಕರಾರಿಲ್ಲದೆ ಒಪ್ಪುತ್ತದೆ. ರಾಜ್ಯ ಶಿಕ್ಷಣ ಇಲಾಖೆಯ ಡಿಎಸ್‌ಇಆರ್‌ಟಿ ಮತ್ತು ‘ಐಟಿ ಫಾರ್ ಚೇಂಜ್’ ಸಂಸ್ಥೆ ಸೇರಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ಶಿಕ್ಷಕರಿಗೆ ಬೇಕಾದ ಕನ್ನಡ ಸಾಮಗ್ರಿಯಿದೆ.

ಹಾಗೆಂದು ಕೋಡಿಂಗ್ ಹೆಸರಿನ ಎಲ್ಲವನ್ನೂ ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರನೇ ತರಗತಿಯಿಂದ ಕೋಡಿಂಗ್ ಎಂದು ಹೇಳಿದ ವರ್ಷವೇ ವೈಟ್‌ಹ್ಯಾಟ್ ಜೂನಿಯರ್ ಎಂಬ ಕಂಪನಿ ಪುಟ್ಟ ಮಕ್ಕಳು ಕೋಟಿ ಗಳಿಸುವ ಕನಸು ಮಾರಿತು. ಅದರ ಹಲವು ಜಾಹೀರಾತುಗಳನ್ನು ಹಿಂತೆಗೆಯಬೇಕಾಗಿ ಬಂತು. ಮಗುವನ್ನು ಎಂಟನೇ ವಯಸ್ಸಿಗೇ ನೌಕರಿಗೆ ಅಣಿಗೊಳಿಸುವ ಶಿಬಿರ ಯಾರಿಗೂ ಬೇಡ. ಬಿಚ್ಚಿ ನೋಡುವ, ಕೆಡಿಸಿ ಕಟ್ಟುವ, ಗೆಳೆಯನಿಗೆ ವಿವರಿಸುವ ಧೈರ್ಯ ಬಂದರೆ ಶಿಬಿರದ ಹತ್ತು ದಿನ ಸಾರ್ಥಕ.

ಮುಂದಿನ ಏಪ್ರಿಲ್‌ಗೆ

ಶಿಬಿರಕ್ಕೆ ಹೊಸ ಕಟ್ಟಡ ಬೇಕಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿವೆ, ಹಲವು ಕಡೆ ಕಂಪ್ಯೂಟರ್ ಬಂದಿವೆ, ಬೇಸಿಗೆಯಲ್ಲಿ ಮಕ್ಕಳ ಶಿಬಿರ ನಡೆಸಿದ ಅನುಭವವೂ ಇದೆ. ಕೇಂದ್ರದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಲ್ಲೇ ಇಂಥ 50 ಸಾವಿರ ಲ್ಯಾಬ್ ತೆರೆಯುವುದಾಗಿ 2025ರ ಬಜೆಟ್ ಹೇಳಿದೆ. ಲ್ಯಾಬ್ ಇರುವ ಶಾಲೆಗಳು ರಜೆಯಲ್ಲಿ ಬೀಗ ಹಾಕದೆ ಸುತ್ತಲಿನ ಹಳ್ಳಿಗಳಿಗೂ ಬಾಗಿಲು ತೆರೆಯಬೇಕು. ಊಟದ ಚಿಂತೆಗೂ ದಾರಿ ಇದೆ: 2024ರ ಬೇಸಿಗೆ ರಜೆಯಲ್ಲಿ ರಾಜ್ಯದ 223 ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಬಿಸಿಯೂಟ ಬಡಿಸಲಾಯಿತು. ಊಟಕ್ಕೆ ಬಂದ ಮಗು ಮಧ್ಯಾಹ್ನ ಎರಡು ತಾಸು ಕೂರುವಂತಾದರೆ ಅದೇ ಶಿಬಿರ.

ಉಳಿದದ್ದು ಕಲಿಸುವವರ ಮಾತು. ರಜೆಗೆ ಊರಿಗೆ ಬರುವ ಎಂಜಿನಿಯರಿಂಗ್, ಡಿಪ್ಲೊಮಾ, ಐಟಿಐ ವಿದ್ಯಾರ್ಥಿಗಳು ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕುಗಳಲ್ಲಿದ್ದಾರೆ. ಅವರಿಗೆ ಗೌರವಧನ ಕೊಟ್ಟು, ಮಾರ್ಚ್‌ನಲ್ಲಿ ನಾಲ್ಕು ದಿನ ತರಬೇತಿ ಕೊಡಿಸಿ, ಜೊತೆಗೊಬ್ಬ ಶಾಲಾ ಶಿಕ್ಷಕರನ್ನೋ ಗ್ರಂಥಾಲಯ ಮೇಲ್ವಿಚಾರಕರನ್ನೋ ನಿಲ್ಲಿಸಿದರೆ ಕೆಲಸ ಆರಂಭವಾಗುತ್ತದೆ. ಕೊನೆಯ ದಿನ ಬೋರ್ಡು, ತಂತಿ, ಸೆನ್ಸರ್‌ಗಳನ್ನು ಪೆಟ್ಟಿಗೆಗೆ ತುಂಬಿ ಮೈಸೂರಿಗೆ ವಾಪಸ್ ಒಯ್ಯಬಾರದು. ಅವು ಅರಿವು ಕೇಂದ್ರದ ದಾಖಲೆ ಪುಸ್ತಕ ಸೇರಿ, ಪುಸ್ತಕದ ಹಾಗೆಯೇ ಮಕ್ಕಳ ಹೆಸರಿಗೆ ಎರವಲು ಹೋಗಿ, ಜೂನ್‌ನಲ್ಲೂ ಆಗಸ್ಟ್‌ನಲ್ಲೂ ಮನೆಮನೆಗೆ ಓಡಾಡುತ್ತಿರಬೇಕು. ಇದಕ್ಕೆ ಬೇಕಾದ ಹಣವನ್ನು ಪಂಚಾಯಿತಿಗಳು ಮುಂದಿನ ವರ್ಷದ ಕ್ರಿಯಾ ಯೋಜನೆಯಲ್ಲೇ ತೆಗೆದಿಡಬಹುದು. ಯೋಜನೆ ಚರ್ಚೆಗೆ ಬರುವ ಗ್ರಾಮ ಸಭೆಯಲ್ಲಿ ಪೋಷಕರು ಎದ್ದು ನಿಂತು ಕೇಳಬೇಕಷ್ಟೆ.