ಹೋರ್ಡಿಂಗ್ ಮೇಲಿನ ಚೌಕಕ್ಕೆ ಏನು ಗೊತ್ತು?

ಅಪಾರ್ಟ್‌ಮೆಂಟ್ ಆಗಲಿ, ಹೊಸ ಬಡಾವಣೆಯ ಸೈಟಾಗಲಿ, ಮಾರಾಟದ ಜಾಹೀರಾತಿನ ಮೂಲೆಯಲ್ಲಿ ಈಗ ಕಪ್ಪು ಬಿಳುಪಿನ ಚೌಕವೊಂದು ಕಾಣುತ್ತದೆ. ಫೋನಿನ ಕ್ಯಾಮೆರಾ ಹಿಡಿದರೆ ನಕ್ಷೆ, ದರಪಟ್ಟಿ, ಮಾದರಿ ಮನೆಯ ವಿಡಿಯೊ ತೆರೆದುಕೊಳ್ಳುತ್ತವೆ. ಆಧಾರ್ ಕಾರ್ಡಿನಲ್ಲೂ ಅಂಗಡಿಯ ಹಣ ಪಾವತಿಯಲ್ಲೂ ಇದೇ ಕ್ಯೂಆರ್ ಕೋಡನ್ನು ಕಂಡು ರೂಢಿಯಾದ ಕಣ್ಣಿಗೆ ಇದು ಯಾರೋ ಪರಿಶೀಲಿಸಿ ಒತ್ತಿದ ಠಸ್ಸೆಯಂತೆ ತೋರುತ್ತದೆ. ಅದು ಠಸ್ಸೆಯಲ್ಲ. ಜೀವಮಾನದ ಉಳಿತಾಯವನ್ನು ಮನೆಯೊಂದಕ್ಕೆ ಹಾಕಲು ಹೊರಟವರಿಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿದಿರಬೇಕು.

ಈ ಕೋಡನ್ನು 1994ರಲ್ಲಿ ರೂಪಿಸಿದ್ದು ಜಪಾನಿನ ಡೆನ್ಸೊ ಕಂಪನಿಯ ಮಸಾಹಿರೊ ಹಾರಾ ಮತ್ತು ಅವರ ತಂಡ, ಕಾರಿನ ಬಿಡಿಭಾಗಗಳ ಲೆಕ್ಕ ಇಡುವುದಕ್ಕೆ. ಗೆರೆಗೆರೆಯ ಹಳೆಯ ಬಾರ್‌ಕೋಡಿನಲ್ಲಿ ಇಪ್ಪತ್ತರಷ್ಟು ಅಕ್ಷರ ಹಿಡಿಸುವುದೇ ಕಷ್ಟವಿತ್ತು. ಉದ್ದಕ್ಕೂ ಅಗಲಕ್ಕೂ ಮಾಹಿತಿ ತುಂಬುವ ಕ್ಯೂಆರ್ ಕೋಡಿನಲ್ಲಿ ಹೆಚ್ಚೆಂದರೆ 7,089 ಅಂಕಿ ಹಿಡಿಸುತ್ತದೆ. ತುಂಬುವುದಕ್ಕಿಂತ ಕಠಿಣವಾದದ್ದು, ಮುದ್ರಿತ ಹಾಳೆಯ ಗೊಂದಲದಲ್ಲಿ ಕೋಡು ಎಲ್ಲಿದೆ ಎಂದು ಯಂತ್ರ ತಟ್ಟನೆ ಕಂಡುಹಿಡಿಯುವುದು. ಅದಕ್ಕಾಗಿಯೇ ಮೂರು ಮೂಲೆಗಳಲ್ಲಿ ದೊಡ್ಡ ಚೌಕಗಳಿವೆ. ಅವುಗಳ ನಟ್ಟನಡುವೆ ಹಾದು ಹೋದರೆ ಕಪ್ಪು, ಬಿಳಿ, ಕಪ್ಪು, ಬಿಳಿ, ಕಪ್ಪು ಪಟ್ಟಿಗಳು 1:1:3:1:1 ಪ್ರಮಾಣದಲ್ಲೇ ಸಿಗುತ್ತವೆ. ಮುದ್ರಿತ ಸಾಮಗ್ರಿಯನ್ನು ರಾಶಿಗಟ್ಟಲೆ ಜಾಲಾಡಿ, ಬೇರೆಲ್ಲೂ ಅಷ್ಟಾಗಿ ಕಾಣದ ಪ್ರಮಾಣ ಇದೆಂದು ತಂಡ ಆರಿಸಿಕೊಂಡಿತು. ಫೋನನ್ನು ಓರೆಯಾಗಿ, ತಲೆಕೆಳಗಾಗಿ ಹಿಡಿದರೂ ಕೋಡು ಓದಿಸಿಕೊಳ್ಳುವುದು ಇದರಿಂದಲೇ. ಇನ್ನು ರೀಡ್ ಮತ್ತು ಸೊಲೊಮನ್ ಎಂಬ ಇಬ್ಬರು ಗಣಿತಜ್ಞರು 1960ರಲ್ಲಿ ಕೊಟ್ಟ ದೋಷ ತಿದ್ದುವ ವಿಧಾನವೂ ಒಳಗಿದೆ. ಅತ್ಯುನ್ನತ ಮಟ್ಟದಲ್ಲಿ ಅಳವಡಿಸಿದರೆ ಸುಮಾರು 30 ಶೇಕಡಾ ಭಾಗ ಹರಿದರೂ ಮಸುಕಾದರೂ ಮೂಲ ಸಂದೇಶ ಪೂರ್ತಿ ಮರಳಿ ಬರುತ್ತದೆ.

ಇಷ್ಟು ನಿಷ್ಠೆಯಿಂದ ಯಂತ್ರ ಕಾಪಾಡುವುದು ಅಕ್ಷರಗಳನ್ನು, ಅವು ಹೇಳುವ ಸಂಗತಿಯ ಸತ್ಯವನ್ನಲ್ಲ. ಜಾಹೀರಾತಿನ ಕೋಡಿನಲ್ಲಿ ಸಾಮಾನ್ಯವಾಗಿ ಇರುವುದು ಒಂದು ವೆಬ್ ವಿಳಾಸ ಮಾತ್ರ. ಆ ವಿಳಾಸ ಬಿಲ್ಡರ್‌ನದ್ದಾದರೆ, ಬ್ರೋಷರ್‌ನಲ್ಲಿ ಹೇಳಿದ್ದನ್ನೇ ಫೋನಿನಲ್ಲಿ ಇನ್ನೊಮ್ಮೆ ಓದಿದ ಹಾಗಾಯಿತು. ಎಷ್ಟೋ ಕೋಡುಗಳು ನಡುವೆ ಒಂದು ಸರ್ವರ್ ಮೂಲಕ ಹಾಯುತ್ತವೆ. ಎಷ್ಟು ಜನ, ಯಾವ ಹೊತ್ತಿಗೆ, ಹೆಚ್ಚುಕಡಿಮೆ ಯಾವ ಊರಿನಿಂದ ಸ್ಕ್ಯಾನ್ ಮಾಡಿದರು ಎಂಬ ಲೆಕ್ಕ ಮಾರುವವರಿಗೆ ಅಲ್ಲಿ ಸಿಗುತ್ತದೆ. ಮುದ್ರಿಸಿದ ಚೌಕವನ್ನು ಮುಟ್ಟದೆಯೇ ಅದು ತೋರಿಸುವ ಪುಟವನ್ನು ನಾಳೆ ಬದಲಿಸಲೂಬಹುದು. ಹೀಗಿರುವಾಗ ಕೋಡು ಇದೆಯೇ ಎಂದು ಕೇಳಿ ಪ್ರಯೋಜನವಿಲ್ಲ. ಅದು ಯಾರ ದಾಖಲೆಗೆ ಕರೆದೊಯ್ಯುತ್ತದೆ ಎಂದು ಕೇಳಬೇಕು. ಮಹಾರಾಷ್ಟ್ರದ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ ಇದನ್ನು ಸರಿಯಾಗಿ ಗ್ರಹಿಸಿತು. 2023ರ ಆಗಸ್ಟ್ 1ರಿಂದ ಅಲ್ಲಿ ಪ್ರತಿ ಯೋಜನೆಯ ಜಾಹೀರಾತಿನಲ್ಲೂ ಪ್ರಾಧಿಕಾರವೇ ಕೊಟ್ಟ ಕ್ಯೂಆರ್ ಕೋಡ್ ಕಡ್ಡಾಯ, ತಪ್ಪಿದರೆ 50,000 ರೂಪಾಯಿವರೆಗೆ ದಂಡ. ಸ್ಕ್ಯಾನ್ ಮಾಡಿದವರಿಗೆ ಯೋಜನೆ ಯಾವಾಗ ನೋಂದಣಿಯಾಯಿತು, ಯಾವಾಗ ಮುಗಿಯಬೇಕು, ದೂರುಗಳಿವೆಯೇ ಎಂಬುದು ಕಾಣುತ್ತದೆ.

ನೋಂದಣಿ ಸಂಖ್ಯೆಯನ್ನೂ ಪ್ರಾಧಿಕಾರದ ವೆಬ್ ವಿಳಾಸವನ್ನೂ ಜಾಹೀರಾತಿನಲ್ಲಿ ಎದ್ದು ಕಾಣುವಂತೆ ಹಾಕಬೇಕೆಂದು 2016ರ ರೇರಾ ಕಾಯ್ದೆಯೇ ಹೇಳಿರುವಾಗ ಕೋಡು ಏತಕ್ಕೆ ಎಂದು ಕೇಳಬಹುದು. ಅಷ್ಟುದ್ದದ ಸಂಖ್ಯೆಯನ್ನು ಬರೆದುಕೊಂಡು, ಸರಕಾರಿ ಜಾಲತಾಣದಲ್ಲಿ ಹುಡುಕಿ, ಯೋಜನೆಯ ಪುಟ ತಲುಪುವಷ್ಟು ವ್ಯವಧಾನ ಎಲ್ಲರಿಗೂ ಇರುವುದಿಲ್ಲ. ಆ ಶ್ರಮ ತಪ್ಪುವುದೇ ದೊಡ್ಡ ಲಾಭ. ಪ್ರಾಧಿಕಾರದ ಪುಟದಲ್ಲೂ ಇರುವುದು ಬಿಲ್ಡರ್ ತುಂಬಿದ ಮಾಹಿತಿಯೇ ಅಲ್ಲವೇ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ನಿಜ, ಬಹುಪಾಲು ಅವರೇ ತುಂಬಿದ್ದು. ಆದರೆ ಬ್ರೋಷರ್‌ನಂತೆ ಅದನ್ನು ಮನಬಂದ ಹಾಗೆ ತುಂಬಲಾಗದು. ನೋಂದಣಿಗೆ ಸುಳ್ಳು ಮಾಹಿತಿ ಕೊಟ್ಟರೆ ಯೋಜನೆಯ ಅಂದಾಜು ವೆಚ್ಚದ 5 ಶೇಕಡಾವರೆಗೆ ದಂಡ ತೆರಬೇಕಾಗುತ್ತದೆ. 500 ಚದರ ಮೀಟರ್ ಮೀರದ ಜಾಗ, ಎಂಟು ಮನೆ ಮೀರದ ಕಟ್ಟಡ ನೋಂದಣಿಯ ಹೊರಗೇ ಉಳಿಯುತ್ತವೆ. ಅಲ್ಲಿ ಯಾವ ಕೋಡೂ ನೆರವಿಗೆ ಬಾರದು, ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪ್ರಮಾಣಪತ್ರ ಮತ್ತು ಖಾತೆಯನ್ನೇ ನೋಡಬೇಕು.

ಅಸಲಿ ಕೋಡಿನ ಮೇಲೆ ನಕಲಿ ಸ್ಟಿಕ್ಕರ್ ಅಂಟಿಸುವವರನ್ನು ತಡೆಯುವುದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಉತ್ತರ ನಮ್ಮ ಆಧಾರ್ ಕಾರ್ಡಿನಲ್ಲೇ ಇದೆ. ಅದರ ಕ್ಯೂಆರ್ ಕೋಡಿನಲ್ಲಿ ವಿವರಗಳ ಜೊತೆಗೆ ಕಾರ್ಡು ಕೊಟ್ಟ ಪ್ರಾಧಿಕಾರದ ಡಿಜಿಟಲ್ ಸಹಿಯೂ ಸೇರಿದೆ. ಸಹಿ ಹಾಕುವ ಗುಟ್ಟಿನ ಕೀಲಿ ಪ್ರಾಧಿಕಾರದ ಬಳಿ ಮಾತ್ರ ಇರುತ್ತದೆ, ಸಹಿ ಸರಿಯಿದೆಯೇ ಎಂದು ನೋಡುವ ಕೀಲಿ ಎಲ್ಲರಿಗೂ ಬಹಿರಂಗ. ಒಂದಕ್ಷರ ತಿದ್ದಿದರೂ ಸಹಿ ಹೊಂದುವುದಿಲ್ಲ. ಯೋಜನೆಯ ಹೆಸರು, ನೋಂದಣಿ ಸಂಖ್ಯೆ, ಸರ್ವೆ ನಂಬರ್ ಇಷ್ಟಕ್ಕೆ ರೇರಾ ಪ್ರಾಧಿಕಾರಗಳು ಹೀಗೆ ಸಹಿ ಹಾಕಿ, ಓದಲು ತಮ್ಮದೇ ಆ್ಯಪ್ ಕೊಟ್ಟರೆ, ನಕಲಿ ಸ್ಟಿಕ್ಕರ್ ಅದರಲ್ಲಿ ತೆರೆದುಕೊಳ್ಳುವುದೇ ಇಲ್ಲ. ಬೇರೆ ಯೋಜನೆಯ ಅಸಲಿ ಕೋಡನ್ನು ಕದ್ದು ಅಂಟಿಸಿದರೆ ಪರದೆಯ ಮೇಲೆ ಬೇರೆ ಹೆಸರು, ಬೇರೆ ಸರ್ವೆ ನಂಬರ್ ಮೂಡುತ್ತದೆ, ಸೈಟಿನ ಮುಂದೆ ನಿಂತವರಿಗೆ ಅದು ಅಲ್ಲೇ ಕಣ್ಣಿಗೆ ಬೀಳುತ್ತದೆ.